ಒಂಬತ್ತು ಮರಿಗಳ ಪ್ರಬಂಧ

ನನ್ನ ಹೆಸರಿನಲ್ಲಿ ಇಪ್ಪತ್ತೊಂದು ಸಂಶೋಧನಾ ಪ್ರಬಂಧಗಳು ಅಚ್ಚಾಗಿವೆ. ಅದರಲ್ಲಿ ಇಪ್ಪತ್ತನ್ನು ಯಾರೂ ಅಷ್ಟಾಗಿ ವಿಚಾರಿಸಲಿಲ್ಲ. ಬೇರೆ ವಿಜ್ಞಾನಿಗಳು ತಮ್ಮ ಬರಹದಲ್ಲಿ ಎತ್ತಿ ಹೇಳಿದ್ದು, ಹೊರದೇಶದ ಲ್ಯಾಬುಗಳವರು ಪ್ರತಿ ಕಳಿಸಿ ಎಂದು ಕೇಳಿದ್ದು, ಕೊನೆಗೆ ನನಗೆ ಬಡ್ತಿ ಕೊಡಿಸಿದ್ದು ಎಲ್ಲ ಒಂದೇ ಪ್ರಬಂಧ. ಅದು ತಪ್ಪಾಗಿತ್ತು. ತಪ್ಪಾಗಿದ್ದಕ್ಕೆ ನನಗೆ ಅಂಥ ನಾಚಿಕೆಯೇನಿಲ್ಲ, ನಡೆಯುವವರು ಎಡವುತ್ತಾರೆ. ತಪ್ಪು ಎಂದು ಗೊತ್ತಾದ ಮೇಲೆ ನಾಲ್ಕು ತಿಂಗಳು ನಾನು ಏನು ಮಾಡಿದೆ ಎನ್ನುವುದಕ್ಕೆ ಇವತ್ತಿಗೂ ನಾಚಿಕೆಯಿದೆ. ಅದನ್ನೇ ಬರೆಯಲು ಕೂತಿದ್ದೇನೆ.

ನಾನು ಶಿರಾದವಳು. ಅಪ್ಪನದು ಕಡಲೆಕಾಯಿ ಮಂಡಿ. ಮಾಂಸ ಮುಟ್ಟದ, ಬೆಳಗಾದರೆ ವಿಭೂತಿ ಹಚ್ಚುವ ಮನೆ. ಅಂಥ ಮನೆಯ ಹುಡುಗಿ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಅಣು ಜೀವಶಾಸ್ತ್ರ ಮಾಡುತ್ತಾಳೆಂದರೆ ನೆಂಟರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ಯಾರಾದರೂ ಒತ್ತಾಯ ಮಾಡಿ ಕೇಳಿದರೆ ಅಮ್ಮ, "ಕುರಿ ರಕ್ತ ನೋಡ್ತಾಳಂತೆ" ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದಳು. ಕೇಳಿದವರು ಆಮೇಲೆ ಕಾಫಿ ಲೋಟ ಕೆಳಗಿಟ್ಟು ನನ್ನ ಕೈಗಳನ್ನೇ ನೋಡುತ್ತಿದ್ದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. "ಹೌದು, ಈಗತಾನೇ ತೊಳೆದುಕೊಂಡೆ" ಎಂದುಬಿಡುತ್ತಿದ್ದೆ.

ಅಮ್ಮ ಹೇಳಿದ್ದೇನೂ ಸುಳ್ಳಲ್ಲ. ಕುರಿಯ ರಕ್ತದ ಹಿಮೋಗ್ಲೋಬಿನ್‌ನಲ್ಲಿ ಎರಡು ಬಗೆ. ಪಿಷ್ಟದಿಂದ ಹಲ್ವಾದಂಥ ಜೆಲ್ ಮಾಡಿ, ಅದರಲ್ಲಿ ರಕ್ತದ ಹನಿಯಿಟ್ಟು, ವಿದ್ಯುತ್ತು ಹಾಯಿಸಿದರೆ ಒಂದು ಬಗೆ ಬೇಗ ಓಡಿ ಮುಂದೆ ಪಟ್ಟೆ ಕಟ್ಟುತ್ತದೆ, ಇನ್ನೊಂದು ಹಿಂದೆ ಉಳಿಯುತ್ತದೆ. ಮರಿಗೆ ತಾಯಿಯಿಂದ ಒಂದು ಜೀನು, ತಂದೆಯಿಂದ ಒಂದು. ಹಾಗಾಗಿ ತಾಯಿಯಲ್ಲಿ ಬರೀ ಮುಂದಿನ ಪಟ್ಟೆ ಇದ್ದರೆ ಮರಿಯಲ್ಲೂ ಆ ಪಟ್ಟೆ ಇರಲೇಬೇಕು. ಇಲ್ಲದಿದ್ದರೆ ಎಲ್ಲೋ ಏನೋ ಆಗಿದೆ ಎಂದರ್ಥ.

ಎಪ್ಪತ್ತರ ದಶಕದ ಕೊನೆಯಲ್ಲಿ ತಾಯಿ-ಮರಿಗಳ ರಕ್ತ ಬೇಕಾಗಿ ನಾನು ಪಾವಗಡ ತಾಲ್ಲೂಕಿನ ನಿಡುಗಲ್ ಕಡೆ ಹೋದೆ. ಬೆಟ್ಟದ ತಪ್ಪಲಿನಲ್ಲಿ ಕುರಿ ಸಾಕುವವರ ನಾಲ್ಕಾರು ಮನೆಗಳಿದ್ದವು. ಅಲ್ಲಿನ ದೊಡ್ಡ ಮಂದೆಗೆ ಯಜಮಾನಿ ಒಬ್ಬ ಅಜ್ಜಿ. ಮಕ್ಕಳು ಕುರಿ ಹೊಡೆದುಕೊಂಡು ಹೋದರೆ, ಹಗಲೆಲ್ಲ ಮರಿಗಳನ್ನು ಕಾಯುವವಳು ಅವಳೇ. ಮುಳ್ಳುಬೇಲಿಯ ಆವರಣಕ್ಕೆ ಅವರು ರೊಪ್ಪ ಎನ್ನುತ್ತಾರೆ. ಆ ರೊಪ್ಪದ ಬಾಗಿಲಲ್ಲಿ ನನ್ನ ಸೂಜಿ, ಸೀಸೆಗಳನ್ನು ನೋಡಿ ಅಜ್ಜಿ ಕೇಳಿದಳು:

"ರಕ್ತ ತಗಂಡೋಗಿ ಏನ್ ಮಾಡ್ತೀಯಮ್ಮಾಯಿ?"

"ತಾಯಿ ಗುಣ ಮರಿಗೆ ಹೆಂಗೆ ಬರುತ್ತೆ ಅಂತ ನೋಡ್ತೀನಿ ಅಜ್ಜಿ."

"ಅದುಕ್ಕೆ ರಕ್ತ ಯಾಕೆ? ನನ್ ಸೊಸೇನ ನೋಡು. ಅವ್ರಮ್ಮುಂದು ಅಂಗೇ ಇಳ್ದೈತೆ."

ಸೊಸೆ ಒಳಗಿಂದ ಏನೋ ತೆಲುಗಿನಲ್ಲಿ ಬೈದಳು. ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನನಗೆ ಅವಳು ಆ ಕ್ಷಣದಲ್ಲೇ ಇಷ್ಟವಾದಳು.

ಸಂಜೆ ಮಂದೆ ಬಂದಾಗ ಮರಿ ಬಿಡುವ ಹೊತ್ತು. ಧೂಳು, ಅರಚಾಟ. ಅಷ್ಟು ಕುರಿಗಳ ನಡುವೆ ಪ್ರತಿ ಮರಿಯೂ ತನ್ನ ತಾಯಿಯನ್ನು ಹುಡುಕಿಕೊಂಡು ಹೋಗಿ ಕೆಚ್ಚಲಿಗೆ ಬಾಯಿ ಹಾಕುತ್ತದೆ. ತಾಯಿ ಮರಿಯ ಬಾಲದ ಬುಡವನ್ನು ಮೂಸುತ್ತದೆ, ತನ್ನದಲ್ಲದಿದ್ದರೆ ಹಾಯುತ್ತದೆ. ಇದು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು, ಮಂಡಿಯ ಮಗಳಾದ ನನಗೂ ಗೊತ್ತಿತ್ತು. ಎರಡು ಸಂಜೆ ರೊಪ್ಪದೊಳಗೆ ನಿಂತು, ಯಾವ ಮರಿ ಯಾವ ಕುರಿಯ ಹಾಲು ಕುಡಿಯುತ್ತದೆ ಎಂದು ಕಣ್ಣಾರೆ ನೋಡಿ, ಜೋಡಿ ಜೋಡಿಗೆ ಒಂದೇ ಬಣ್ಣದ ದಾರ ಕಟ್ಟಿದೆ. ಒಂದೆರಡು ಕಡೆ ಅನುಮಾನ ಬಂದು, "ಅಜ್ಜಿ, ಈ ಮರಿ ಇದರದ್ದೇ ತಾನೆ?" ಎಂದೂ ಕೇಳಿದೆ.

"ಇದರದೇ ಕಣಮ್ಮ. ಕುಡೀತೈತಲ್ಲ, ಕಾಣಾಕಿಲ್ವಾ?" ಎಂದಳು ಅಜ್ಜಿ.

ಪಾವಗಡದ ಐಸ್ ಕ್ಯಾಂಡಿ ಅಂಗಡಿಯಲ್ಲಿ ಐಸು ಕೊಂಡು, ಫ್ಲಾಸ್ಕಿನಲ್ಲಿ ರಕ್ತದ ಸೀಸೆಗಳನ್ನಿಟ್ಟು, ಮಧುಗಿರಿ ಕೊರಟಗೆರೆ ಮೇಲೆ ಬೆಂಗಳೂರು ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದೆ. ಪಕ್ಕದ ಹೆಂಗಸು ಮಜ್ಜಿಗೆಯೇ ಎಂದು ಕೇಳಿದಳು. ಹೌದು ಎಂದೆ.

ಜೆಲ್ಲಿನಲ್ಲಿ ಒಂಬತ್ತು ಮರಿಗಳು ನನ್ನ ನಿದ್ದೆ ಕೆಡಿಸಿದವು. ಒಂಬತ್ತರಲ್ಲೂ ತಾಯಿಯ ಪಟ್ಟೆ ಇರಲೇ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಒಂದು ವಾರ ತಲೆ ಕೆಡಿಸಿಕೊಂಡು ಕೊನೆಗೆ ಬರೆದೆ: ತಾಯಿಯಿಂದ ಬಂದ ಜೀನು ಈ ಮರಿಗಳಲ್ಲಿ ಇದೆ, ಆದರೆ ಮಲಗಿದೆ, ಅದನ್ನು ಯಾವುದೋ ಒತ್ತಿ ಹಿಡಿದಿದೆ. ಜೀನುಗಳು ಯಾವಾಗ ಏಳುತ್ತವೆ, ಯಾವಾಗ ಮಲಗುತ್ತವೆ ಎಂದು ಜಗತ್ತೆಲ್ಲ ಹುಡುಕುತ್ತಿದ್ದ ಕಾಲ ಅದು. ಒಳ್ಳೆಯ ವಿದೇಶಿ ಪತ್ರಿಕೆಗೆ ಕಳಿಸಿದೆ. ಪರಿಶೀಲಕರು ಒಂದೇ ಪ್ರಶ್ನೆ ಕೇಳಿದರು, ತಾಯಿ-ಮರಿ ಜೋಡಿಗಳ ಬಗ್ಗೆ ನಿಮಗೆ ಖಾತ್ರಿಯಿದೆಯೇ? ನನಗೆ ಸಿಟ್ಟು ಬಂತು. ಹೆತ್ತ ಮರಿಯನ್ನಲ್ಲದೆ ಕುರಿ ಬೇರೆಯದನ್ನು ಹತ್ತಿರ ಸೇರಿಸುವುದಿಲ್ಲ, ಎರಡು ಸಂಜೆ ನಾನೇ ನಿಂತು ನೋಡಿದ್ದೇನೆ, ಮೇಲಾಗಿ ನಾನು ಆ ಸೀಮೆಯಲ್ಲೇ ಹುಟ್ಟಿದವಳು ಎಂದು ಉತ್ತರ ಬರೆದೆ. ಅವರು ಒಪ್ಪಿಕೊಂಡರು.

ಪ್ರಬಂಧ ಅಚ್ಚಾದ ಮೇಲೆ ಪ್ರತಿ ಕೇಳುವ ಕಾರ್ಡುಗಳು ಬರತೊಡಗಿದವು. ಕಂಡರಿಯದ ದೇಶಗಳ ಅಂಚೆಚೀಟಿಗಳು. ರಜೆಗೆ ಊರಿಗೆ ಹೋದಾಗ ಅಪ್ಪ ಅವನ್ನು ಮಂಡಿಯಲ್ಲಿಟ್ಟು ಬಂದವರಿಗೆಲ್ಲ ತೋರಿಸಿದರು. ಪಕ್ಕದ ಅಂಗಡಿಯ ಸಾಹೇಬರು ಒಂದೊಂದನ್ನೇ ತಿರುಗಿಸಿ ನೋಡಿ, "ಮಾಷಾ ಅಲ್ಲಾ, ಬೇಟಿ ಶಿರಾದ ಹೆಸ್ರು ಎಲ್ಲಿಗೋ ತಗೊಂಡೋದ್ಲು" ಎಂದರು. ಅಪ್ಪನ ಮುಖ ನೋಡಬೇಕಿತ್ತು.

ಸಂಸ್ಥೆಯ ಗ್ರಂಥಾಲಯದಲ್ಲಿ ದಪ್ಪ ದಪ್ಪ ಸಂಪುಟಗಳಿದ್ದವು. ಯಾರ ಪ್ರಬಂಧವನ್ನು ಯಾರು, ಎಲ್ಲಿ ಉಲ್ಲೇಖಿಸಿದ್ದಾರೆ ಎಂಬ ಪಟ್ಟಿ, ರಾಗಿಕಾಳಿಗಿಂತ ಸಣ್ಣ ಅಕ್ಷರದಲ್ಲಿ. ಭೂತಗನ್ನಡಿ ಹಿಡಿದು ನನ್ನ ಹೆಸರು ಹುಡುಕುವುದು ನನಗೆ ಚಟವಾಯಿತು. ಮೊದಲು ಎರಡು, ಆಮೇಲೆ ಏಳು, ಹದಿನೈದು. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ವಿಜ್ಞಾನದಲ್ಲೂ ಕಮ್ಮಿಯಿಲ್ಲ. ಯಾರೂ ಒಂದು ಕುರಿಯನ್ನು ಮುಟ್ಟಿ ನೋಡಿರಲಿಲ್ಲ.

ಮುಟ್ಟಿ ನೋಡಿದವನು ಒಬ್ಬನೇ. ಬೇರೆ ರಾಜ್ಯದ ಒಂದು ಪಶುವೈದ್ಯ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ವಿದ್ಯಾರ್ಥಿ. ಇಂಗ್ಲಿಷಿನಲ್ಲಿ ಕಾಗದ ಬರೆದಿದ್ದ. ನಿಮ್ಮ ಪ್ರಬಂಧವನ್ನೇ ಆಧಾರವಾಗಿಟ್ಟುಕೊಂಡು ನನ್ನ ಥೀಸಿಸ್ ಶುರುಮಾಡಿದ್ದೇನೆ, ಫಾರಮ್ಮಿನ ಕುರಿಗಳಲ್ಲಿ ಒಂದೂ ಅಂಥ ಮರಿ ಸಿಗುತ್ತಿಲ್ಲ, ನನ್ನ ವಿಧಾನದಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಿದ್ದ. ನಾನು ಪಕ್ಕದ ಮೇಜಿನವರಿಗೆ ಅದನ್ನು ಓದಿ ಹೇಳಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕೆ. ನನ್ನ ವಿಧಾನವನ್ನು ನೀವು ಮತ್ತೊಮ್ಮೆ ಗಮನವಿಟ್ಟು ಓದಿ, ಫಾರಮ್ಮಿನ ಕುರಿ ಬಿಟ್ಟು ಹಳ್ಳಿಯ ಮಂದೆಗಳಲ್ಲಿ ನೋಡಿ ಎಂದು ನಾಲ್ಕು ಸಾಲು ಗೀಚಿದೆ. ಆರು ತಿಂಗಳ ಮೇಲೆ ಇನ್ನೊಂದು ಕಾಗದ ಬಂತು. ಹಳ್ಳಿಯ ಮಂದೆಗಳಲ್ಲೂ ನೋಡಿದ್ದಾನೆ, ಹುಟ್ಟುವಾಗಲೇ ನಿಂತು ಗುರುತು ಹಾಕಿದ್ದಾನೆ, ಇಲ್ಲ. ಅದಕ್ಕೆ ಜೆಲ್ ಹೇಗೆ ಕಾಸಬೇಕು ಎಂದು ಉಪದೇಶ ಮಾಡಿ ಉತ್ತರ ಹಾಕಿದೆ. ಹುಟ್ಟುವಾಗಲೇ ನಿಂತು ಎಂದು ಅವನು ಬರೆದದ್ದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಎಂಬತ್ತರ ದಶಕ ಶುರುವಾಗಿತ್ತು. ಡಿಎನ್‌ಎಯನ್ನೇ ಕತ್ತರಿಸಿ ನೋಡುವ ವಿಧಾನ ನಮ್ಮ ಲ್ಯಾಬಿಗೂ ಬಂದಿತ್ತು. ಮಲಗಿದ ಜೀನನ್ನು ಕೈಯಲ್ಲಿ ಹಿಡಿದು ತೋರಿಸಿಬಿಡುತ್ತೇನೆ ಎಂದು ಸಂಕ್ರಾಂತಿಗೆ ಮುಂಚೆ ಮತ್ತೆ ಅದೇ ಅಜ್ಜಿಯ ಮಂದೆಗೆ ಹೋದೆ. ಅಜ್ಜಿ ಸ್ವಲ್ಪ ಬಾಗಿದ್ದಳು, ಬಾಯಿ ಬಾಗಿರಲಿಲ್ಲ. "ಇನ್ನೂ ರಕ್ತ ಸಾಲ್ದಾ ನಿಂಗೆ?" ಎಂದು ಸ್ವಾಗತಿಸಿದಳು.

ರೊಪ್ಪದ ಒಳಗೆ ಒಂದು ಮರಿ ವಿಚಿತ್ರವಾಗಿ ಕಂಡಿತು. ಕರಿ ಮರಿ, ಅದರ ಬೆನ್ನ ಮೇಲೆ ಇನ್ನೊಂದು ಕಂದು ಬಣ್ಣದ ಚರ್ಮ. ಕಾಲುಗಳಿಗೆ ನಾರಿನಿಂದ ಕಟ್ಟಿತ್ತು, ಅಳತೆಗೆ ಸರಿಯಿಲ್ಲದ ಅಂಗಿ ತೊಡಿಸಿದ ಮಗುವಿನ ಹಾಗೆ. ಅದು ಒಂದು ಕಂದು ಕುರಿಯ ಕೆಚ್ಚಲಿಗೆ ಬಾಯಿ ಹಾಕಿ ಕುಡಿಯುತ್ತಿತ್ತು. ಕುರಿ ಅದರ ಬಾಲದ ಕಡೆ ಮೂಸುತ್ತ ಸುಮ್ಮನೆ ನಿಂತಿತ್ತು.

ಏನಿದು ಎಂದು ಕೇಳಲು ಬಾಯಿ ತೆಗೆದೆ. ಅಜ್ಜಿ ನನ್ನ ತೋಳು ಹಿಡಿದು ರೊಪ್ಪದಾಚೆ ಬೇವಿನಮರದ ಹತ್ತಿರ ಎಳೆದುಕೊಂಡು ಹೋದಳು.

"ಈ ಮರಿ ತಾಯಿ ಸತ್ತೋಯ್ತು ಕಣಮ್ಮ. ಆ ಕುರಿ ಮರಿ ಸತ್ತೋಯ್ತು. ಸತ್ ಮರಿ ಚರ್ಮ ಬಿಚ್ಚಿ ಇದುಕ್ಕೆ ತೊಡ್ಸಿವ್ನಿ. ವಾಸ್ನೆ ನೋಡಿ ತನ್ನ ಮರಿ ಅಂತ ಹಾಲು ಬುಡ್ತೈತೆ. ಮೂರ್ ದಿನ ಹಿಂಗೇ ಇದ್ರೆ ಸಾಕು, ಆಮ್ಯಾಕೆ ಚರ್ಮ ತೆಗುದ್ರೂ ಬುಡಾಕಿಲ್ಲ. ಸೇರ್ಕಂಬುಡ್ತೈತೆ."

"ಅಜ್ಜಿ, ಆವಾಗ ನಾನು ಬಂದಿದ್ನಲ್ಲ, ಆ ವರ್ಷಾನೂ ಹಿಂಗೆ ಮಾಡಿದ್ರಾ?"

"ಆ ವರ್ಸ ಬ್ಯಾನೆ ಬಂದು ಕುರಿ, ಮರಿ ಎಲ್ಡೂ ಸತ್ವಲ್ಲಮ್ಮಾಯಿ. ಎಂಟೊಂಬತ್ತು ಮರಿ ಸೇರ್ಸಿದ್ದೆ. ಒಂದೂ ಸಾಯ್ಲಿಲ್ಲ." ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ನಾನು ಕೇಳಿದಾಗ ಇದರದೇ ಮರಿ ಅಂದ್ರಲ್ಲ!" ನನ್ನ ದನಿ ಏರಿತು.

"ರೊಪ್ಪದಾಗೆ ನಿಂತ್ಕಂಡು ಕೇಳುದ್ರೆ ಇನ್ನೇನು ಹೇಳ್ಲಿ? ಸೇರ್ಸಿದ್ ಮರೀನ ಬ್ಯಾರೇದು ಅಂತ ಆ ತಾಯಿ ಕಿವಿಗ್ ಬೀಳಂಗೆ ಅಂದ್ರೆ ಒದ್ದು ಓಡುಸ್ಬುಡ್ತೈತೆ. ನಮ್ಮತ್ತೆ ಕಾಲ್ದಿಂದ್ಲೂ ಒಳಗೆ ಆ ಮಾತು ಆಡಾಕಿಲ್ಲ. ಹೊರಗ್ ಬಂದು ಕೇಳಿದ್ರೆ ಹೇಳ್ತಿದ್ದೆ."

ಹೊರಗೆ ಬಂದು ಕೇಳುವುದು ನನಗೆ ಹೊಳೆದಿರಲಿಲ್ಲ. ನನ್ನ ಮಲಗಿದ ಜೀನು ಎಲ್ಲೂ ಮಲಗಿರಲಿಲ್ಲ, ಅದು ಆ ಮರಿಗಳಲ್ಲಿ ಇರಲೇ ಇಲ್ಲ. ನಾನು ಹೆತ್ತ ತಾಯಿಯ ರಕ್ತ ತೆಗೆಯದೆ, ಹಾಲು ಕೊಟ್ಟವಳ ರಕ್ತ ತೆಗೆದು ಜಗತ್ತಿಗೆ ಹೊಸ ಸಿದ್ಧಾಂತ ಹೇಳಿದ್ದೆ. ಆ ದಿನ ಒಂದು ಸೀಸೆ ರಕ್ತವನ್ನೂ ತೆಗೆಯಲಿಲ್ಲ. ಅಜ್ಜಿ ಕೊಟ್ಟ ರಾಗಿ ಅಂಬಲಿಯನ್ನು ಅರ್ಧಕ್ಕೇ ಕೆಳಗಿಟ್ಟೆ. "ಯಾಕಮ್ಮಾಯಿ, ಮೈಗ್ ಹುಷಾರಿಲ್ವಾ?" ಎಂದು ಅವಳು ಹಣೆ ಮುಟ್ಟಿ ನೋಡಿದಳು.

ಬಸ್ಸಿನಲ್ಲಿ ಕೂತು ಯೋಚಿಸಿದ್ದು ಸರಿಯಾಗಿಯೇ ಇತ್ತು. ಪತ್ರಿಕೆಗೆ ತಿದ್ದುಪಡಿ ಬರೆಯಬೇಕು. ಆ ವಿದ್ಯಾರ್ಥಿಗೂ ಬರೆಯಬೇಕು. ಬೆಂಗಳೂರು ತಲುಪಿದ ಮರುದಿನವೇ ತಿದ್ದುಪಡಿಯನ್ನು ಒಂದೂವರೆ ಪುಟದಲ್ಲಿ ಬರೆದೂಬಿಟ್ಟೆ. ಅದೇ ವಾರ ಬಡ್ತಿಯ ಸಂದರ್ಶನಕ್ಕೆ ಅರ್ಜಿ ಹಾಕುವ ಸುತ್ತೋಲೆ ಬಂತು. ಪ್ರಬಂಧಗಳ ಪಟ್ಟಿ ಕೊಡಿ, ಉಲ್ಲೇಖಗಳ ಸಂಖ್ಯೆ ಕೊಡಿ ಎಂದಿತ್ತು. ನಮ್ಮ ವಿಭಾಗದಲ್ಲಿ ಆ ಹುದ್ದೆಗೆ ಅಲ್ಲಿಯವರೆಗೆ ಹೆಂಗಸು ಬಂದಿರಲಿಲ್ಲ. ಹತ್ತು ವರ್ಷ ನಾನು ಗಂಡಸರ ಪ್ರಬಂಧಗಳ ಕೊನೆಯಲ್ಲಿ ಹೆಸರಾಗಿ ದುಡಿದಿದ್ದೆ. ಆ ಒಂದು ಪ್ರಬಂಧ ತೆಗೆದರೆ ನನ್ನ ಪಟ್ಟಿಯಲ್ಲಿ ಉಳಿಯುವುದು ಬರೀ ಹೊಟ್ಟು. ಸಂದರ್ಶನ ಮುಗಿಯಲಿ, ಆಮೇಲೆ ಕಳಿಸಿದರಾಯಿತು ಎಂದುಕೊಂಡು ಒಂದೂವರೆ ಪುಟವನ್ನು ಡ್ರಾಯರಿನಲ್ಲಿಟ್ಟೆ. ಸಂದರ್ಶನ ಫೆಬ್ರವರಿಯಲ್ಲಿ ಆಗಬೇಕಿತ್ತು, ಮುಂದಕ್ಕೆ ಹೋಗಿ ಹೋಗಿ ಏಪ್ರಿಲ್ ಕೊನೆಗೆ ಬಂತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಲ್ಯಾಬಿನಲ್ಲಿ ಯಾರಾದರೂ ಕುರಿ ಎಂದರೆ ಬೆಚ್ಚುತ್ತಿದ್ದೆ. ಆದರೂ ಆ ನಡುವೆ ಹೊಸ ಸಂಪುಟ ಬಂದಾಗ ಗ್ರಂಥಾಲಯಕ್ಕೆ ಹೋಗಿ ಭೂತಗನ್ನಡಿ ಹಿಡಿದೆ. ಇನ್ನೂ ಆರು ಉಲ್ಲೇಖಗಳು ಸೇರಿದ್ದವು. ನನಗೆ ಸಂತೋಷವಾಯಿತು. ಸುಳ್ಳೆಂದು ಗೊತ್ತಿದ್ದ ಮಾತನ್ನು ಇನ್ನೂ ಆರು ಜನ ನಂಬಿದ್ದಕ್ಕೆ ಸಂತೋಷ! ಆ ಸಂತೋಷವನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಶಿವರಾತ್ರಿಯ ಹೊತ್ತಿಗೆ ವಿದ್ಯಾರ್ಥಿಯ ಮೂರನೆಯ ಕಾಗದ ಬಂತು. ಈ ಸಲ ಕನ್ನಡದಲ್ಲಿತ್ತು, ಕೊರಟಗೆರೆಯಿಂದ ಬರೆದಿದ್ದ. "ಮೇಡಂ, ತಾವು ಶಿರಾದವರೆಂದು ಈಗ ತಿಳಿಯಿತು. ನಾನು ಕೊರಟಗೆರೆಯವನು, ರಜೆಗೆ ಬಂದಿದ್ದೇನೆ. ನಮ್ಮ ಸೀಮೆಯವರೆಂಬ ಸಲುಗೆಯಿಂದ ಕೇಳುತ್ತಿದ್ದೇನೆ. ಮೂರು ವರ್ಷದಿಂದ ತಮ್ಮ ಫಲಿತಾಂಶ ನನಗೆ ಬರುತ್ತಿಲ್ಲ. ನನ್ನ ಗೈಡ್ ನಿನ್ನ ಕೈ ಸರಿಯಿಲ್ಲ ಎನ್ನುತ್ತಾರೆ. ನನಗೂ ಹಾಗೇ ಅನಿಸತೊಡಗಿದೆ. ತಾವು ಹೂಂ ಎಂದರೆ ತಮ್ಮ ಲ್ಯಾಬಿಗೆ ಬಂದು ಒಂದು ವಾರ ನಿಂತು ನೋಡುತ್ತೇನೆ. ಅಥವಾ ಬಿಟ್ಟುಬಿಡು ಎಂದಾದರೂ ಹೇಳಿ."

ಎರಡು ಸಲ ಓದಿದೆ. ಅವನಿಗೆ ಹೇಳಿದರೆ ಅವನು ಗೈಡಿಗೆ ಹೇಳುತ್ತಾನೆ, ಗೈಡು ಇನ್ನೊಬ್ಬರಿಗೆ, ಸಂದರ್ಶನದ ಹೊತ್ತಿಗೆ ಅದು ಬೆಂಗಳೂರಿಗೆ ಬಂದಿರುತ್ತದೆ ಎಂದು ಲೆಕ್ಕ ಹಾಕಿದೆ. ಕಾಗದವನ್ನೂ ಅದೇ ಡ್ರಾಯರಿಗೆ ಹಾಕಿದೆ. ಉತ್ತರ ಬರೆಯಲಿಲ್ಲ.

ಸಂದರ್ಶನದಲ್ಲಿ ಹಿರಿಯರೊಬ್ಬರು ನನ್ನ ಪಟ್ಟಿಯ ಮೇಲೆ ಬೆರಳಿಟ್ಟು, ಇದನ್ನು ಇಷ್ಟೊಂದು ಜನ ಗಮನಿಸಿದ್ದಾರಲ್ಲ, ಮುಂದೇನು ಮಾಡುತ್ತಿದ್ದೀರಿ ಎಂದು ಪ್ರೀತಿಯಿಂದ ಕೇಳಿದರು. "ಅದನ್ನೇ ಇನ್ನೂ ಆಳವಾಗಿ ನೋಡುತ್ತಿದ್ದೇನೆ" ಎಂದೆ. ಹುದ್ದೆ ಸಿಕ್ಕಿತು. ಅಪ್ಪ ಶಿರಾದಲ್ಲಿ ಬೀದಿಗೆಲ್ಲ ಪೇಡ ಹಂಚಿದರಂತೆ.

ಮೇ ತಿಂಗಳಲ್ಲಿ ತಿದ್ದುಪಡಿಯನ್ನು ಪತ್ರಿಕೆಗೆ ಕಳಿಸಿದೆ. ಅದೇ ದಿನ ವಿದ್ಯಾರ್ಥಿಗೂ ಉದ್ದ ಕಾಗದ ಬರೆದು ಅವನ ಕಾಲೇಜಿನ ವಿಳಾಸಕ್ಕೆ ಹಾಕಿದೆ. ಅದಕ್ಕೆ ಅವನ ಗೈಡಿನಿಂದ ಎರಡು ಸಾಲು ಬಂತು. ಅವನು ಏಪ್ರಿಲ್ ಮೊದಲಲ್ಲೇ ಪಿಎಚ್.ಡಿ. ಬಿಟ್ಟು ಹೋದ, ಮಧುಗಿರಿಯ ಒಂದು ಜೂನಿಯರ್ ಕಾಲೇಜಿನಲ್ಲಿ ಪಾಠ ಮಾಡುತ್ತಾನೆಂದು ಕೇಳಿದ್ದೇನೆ ಎಂದಿತ್ತು. ನನ್ನ ಕಾಗದವನ್ನು ಅವನಿಗೆ ಮುಂದೆ ಕಳಿಸಿದ್ದೇನೆ ಎಂದು ಎಲ್ಲೂ ಇರಲಿಲ್ಲ. ಈ ಮಾತನ್ನು ಇನ್ನೊಂದು ಕಾಗದದಲ್ಲಿ ಬರೆಯುವ ಮುಖ ನನಗಿರಲಿಲ್ಲ. ಎದುರಿಗೆ ಹೋಗುವ ಧೈರ್ಯವೂ ಬರಲಿಲ್ಲ. ತಿದ್ದುಪಡಿ ಅಚ್ಚಾಗಲಿ, ಅದನ್ನೇ ಹಿಡಿದುಕೊಂಡು ಹೋಗೋಣ ಎಂದು ಮತ್ತೆ ಮುಂದೂಡಿದೆ. ಅಚ್ಚಾಗುವಷ್ಟರಲ್ಲಿ ಮುಂದಿನ ಬೇಸಿಗೆ ಬಂದಿತ್ತು.

ಮಧುಗಿರಿಯಲ್ಲಿ ಬಸ್ಸಿಳಿದಾಗ ಬೆಟ್ಟದ ಬಂಡೆ ಕಾದು ಊರೆಲ್ಲ ಧಗೆಯಾಡುತ್ತಿತ್ತು. ಕಾಲೇಜಿನ ಲ್ಯಾಬಿನ ಬಾಗಿಲಲ್ಲಿ ನಿಂತೆ. ಅವನು ಪ್ರಾಕ್ಟಿಕಲ್ ತೋರಿಸುತ್ತಿದ್ದ. ಎಲ್ಲವನ್ನೂ ಚೆನ್ನಾಗಿ ವಿವರಿಸುತ್ತಿದ್ದ, ಆದರೆ ಪಿಪೆಟ್ ಹಿಡಿದಿದ್ದವರು ಅಟೆಂಡರ್. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, "ಇನ್ನೊಂದು ಹನಿ ಬಿಡ್ರಿ, ಇನ್ನೊಂದು, ಸಾಕು" ಎನ್ನುತ್ತಿದ್ದ. ಕ್ಲಾಸು ಮುಗಿದ ಮೇಲೆ ನಾನು ಯಾರೆಂದು ಹೇಳಿದೆ. ಗಾಬರಿಯಿಂದ ಕುರ್ಚಿ ಒರೆಸಿ ಕೂರಿಸಿ, ಕಾಫಿಗೆ ಹೇಳಿದ.

"ನೀವೇ ಯಾಕೆ ಮಾಡಿ ತೋರಿಸ್ಲಿಲ್ಲ?" ಎಂದು ಕೇಳಿದೆ.

"ನನ್ ಕೈಯಲ್ಲಿ ಸರಿಯಾಗಿ ಬರಲ್ಲ ಮೇಡಂ. ಮಕ್ಕಳ ಮುಂದೆ ಯಾಕೆ" ಎಂದು ನಕ್ಕ.

ನಾನು ಅಚ್ಚಾದ ಹಾಳೆಯನ್ನು ಅವನ ಕೈಗೆ ಕೊಟ್ಟೆ. ಅಜ್ಜಿಯ ರೊಪ್ಪದಲ್ಲಿ ಕಂಡದ್ದನ್ನೂ ಬಾಯಿಬಿಟ್ಟು ಹೇಳಿದೆ. ಅವನು ನಿಂತೇ ಓದಿದ. ಓದುತ್ತ ಓದುತ್ತ ಮೇಜಿಗೆ ಒರಗಿದ.

"ಹಂಗಾದ್ರೆ ನನ್ ಕೈ ಸರಿಯಿತ್ತಾ ಮೇಡಂ?"

"ಸರಿಯಿತ್ತು. ನೀವು ಮಾಡಿದ್ದೆಲ್ಲ ಸರಿಯಿತ್ತು. ತಪ್ಪು ನನ್ನದು."

ಅವನ ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡು ನಕ್ಕ. ನನಗೂ ಎದೆಯ ಭಾರ ಇಳಿದಂತಾಯಿತು, ಬಂದದ್ದು ಒಳ್ಳೆಯದಾಯಿತು ಎಂದುಕೊಂಡೆ. ಅಷ್ಟರಲ್ಲಿ ಅವನು ಹಾಳೆಯನ್ನು ಮತ್ತೆ ನೋಡಿದ. ಪತ್ರಿಕೆಗೆ ಅದು ತಲುಪಿದ ತಿಂಗಳು ಕೆಳಗೆ ಅಚ್ಚಾಗಿತ್ತು.

"ಈ ವಿಷಯ ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಇನ್ನೊಂದು ಸುಳ್ಳು ನಾಲಿಗೆಯ ತುದಿಯವರೆಗೆ ಬಂತು.

"ಹೋದ ವರ್ಷ. ಸಂಕ್ರಾಂತಿಗೆ ಮುಂಚೆ" ಎಂದೆ.

"ನನ್ನ ಕಾಗದ ತಲುಪಿತ್ತಾ? ಕೊರಟಗೆರೆಯಿಂದ ಬರೆದಿದ್ದು?"

"ತಲುಪಿತ್ತು."

ಅವನು ಹಾಳೆಯನ್ನು ಮಡಚಿ ನನ್ನ ಮುಂದೆ ಮೇಜಿನ ಮೇಲಿಟ್ಟ.

"ಅಚ್ಚಾಗೋದು ಬೇಕಿರ್ಲಿಲ್ಲ ಮೇಡಂ. ನಂಗೆ ಎರಡು ಸಾಲು ಬರೆದಿದ್ರೆ ಸಾಕಿತ್ತು. ಯುಗಾದಿವರೆಗೂ ಕಾದೆ" ಎಂದ.

ಕಾಫಿ ಬಂತು. ಒಂದೇ ಲೋಟ ತರಿಸಿದ್ದ. ಅದನ್ನು ನನ್ನ ಕಡೆ ಸರಿಸಿ, ಮುಂದಿನ ಕ್ಲಾಸಿದೆ ಎಂದು ಹೇಳಿ ಹೊರಟುಹೋದ.